ಹೊಗೆ ಸಿಲ್ಕ್ ಬೋರ್ಡಿನಲ್ಲಿ, ಓಝೋನ್ ಹೆಸರಘಟ್ಟದಲ್ಲಿ

ಪ್ರಶ್ನೆ: ಅತ್ತೆಯವರಿಗೆ ಉಬ್ಬಸ. ಒಳ್ಳೆ ಗಾಳಿ ಸಿಗಲಿ ಅಂತಲೇ ಹೆಸರಘಟ್ಟದ ಹತ್ತಿರ ಮನೆ ಕಟ್ಟಿಸಿದೆವು. ಸುತ್ತ ತೋಟ, ಮೇನ್ ರೋಡೂ ದೂರ. ಆದರೆ ಮಾರ್ಚ್ ಮಧ್ಯಾಹ್ನ ಆ್ಯಪ್ ತೆಗೆದರೆ ಟ್ರಾಫಿಕ್ ತುಂಬಿದ ಸಿಲ್ಕ್ ಬೋರ್ಡ್ ಜಂಕ್ಷನ್ನಿಗಿಂತ ನಮ್ಮಲ್ಲೇ ಓಝೋನ್ ಜಾಸ್ತಿ ಅಂತ ತೋರಿಸುತ್ತದೆ. ಓಝೋನ್ ಒಳ್ಳೆಯದು ಅಂತಲ್ವಾ ನಾವು ಓದಿದ್ದು? ಆ್ಯಪ್ ಕೆಟ್ಟಿದೆಯಾ?
– ಓದುಗರೊಬ್ಬರು, ಹೆಸರಘಟ್ಟ

ಉತ್ತರ: ಕೆಟ್ಟಿರಲೇಬೇಕು ಅಂತಿಲ್ಲ. ನೀವು ಓದಿದ್ದು 15ರಿಂದ 35 ಕಿಲೋಮೀಟರ್ ಎತ್ತರದ ಓಝೋನ್ ಬಗ್ಗೆ. ಅಲ್ಲಿ ಅದು ನಮ್ಮನ್ನು ಕಾಯುತ್ತದೆ. ಮೂಗಿನ ಮಟ್ಟದಲ್ಲಿದ್ದರೆ ಅದೇ ಅನಿಲ ಶ್ವಾಸನಾಳಕ್ಕೆ ಉರಿ ತರುತ್ತದೆ. ಉಬ್ಬಸ ಇರುವವರಿಗೆ ಮೊದಲು ತಟ್ಟುತ್ತದೆ.

ಈ ಓಝೋನ್ ಯಾವ ಸೈಲೆನ್ಸರಿನಿಂದಲೂ ಬರುವುದಿಲ್ಲ, ಗಾಳಿಯಲ್ಲೇ ತಯಾರಾಗುತ್ತದೆ. ಗಾಡಿ, ಜನರೇಟರ್‌ಗಳು ನೈಟ್ರೋಜನ್ ಆಕ್ಸೈಡ್‌ಗಳನ್ನು ಬಿಡುತ್ತವೆ. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆದು ಒಂದು ಆಮ್ಲಜನಕ ಪರಮಾಣುವನ್ನು ಬಿಡಿಸುತ್ತದೆ. ಅದು ಪಕ್ಕದ ಆಮ್ಲಜನಕದ ಅಣುವಿಗೆ ಸೇರಿದರೆ ಓಝೋನ್. ಉಳಿದ ನೈಟ್ರಿಕ್ ಆಕ್ಸೈಡ್ ಆ ಓಝೋನನ್ನೇ ತಿಂದು ಮತ್ತೆ ಡೈಆಕ್ಸೈಡ್ ಆಗುತ್ತದೆ. ಇಷ್ಟೇ ಆಗಿದ್ದರೆ ಲೆಕ್ಕ ಚುಕ್ತಾ.

ಲೆಕ್ಕ ಕೆಡಿಸುವುದು ಆವಿಗಳು. ಮಧ್ಯಾಹ್ನ ಬಂಕಿನಲ್ಲಿ ಸ್ಕೂಟರ್ ಟ್ಯಾಂಕಿನ ಬಾಯಿ ನೋಡಿ. ಪೆಟ್ರೋಲ್ ಬೀಳುತ್ತಿದ್ದ ಹಾಗೆ ಮೇಲಿನ ಗಾಳಿ ನಡುಗುತ್ತದೆ, ಹಿಂದಿನ ಗೋಡೆಯೇ ಅಲುಗಾಡಿದಂತೆ ಕಾಣುತ್ತದೆ. ಅದು ಪೆಟ್ರೋಲ್ ಆವಿ. ಪೇಂಟಿನ ಥಿನ್ನರ್, ಖಾಲಿ ಸೈಟಿನಲ್ಲಿ ಸುಡುವ ಕಸ ಕೂಡ ಇಂಥದ್ದನ್ನೇ ಬಿಡುತ್ತವೆ. ಬಿಸಿಲಿನಲ್ಲಿ ಇವು ಗಾಳಿಯ ಜೊತೆ ಸೇರಿ, ಓಝೋನ್ ಖರ್ಚಾಗದ ಹಾಗೆ ನೈಟ್ರಿಕ್ ಆಕ್ಸೈಡನ್ನು ಡೈಆಕ್ಸೈಡ್ ಮಾಡಿಬಿಡುತ್ತವೆ. ತಿನ್ನುವವರಿಲ್ಲದೆ ಓಝೋನ್ ಗುಡ್ಡೆ ಬೀಳುತ್ತದೆ. 1950ರ ದಶಕದ ಶುರುವಿನಲ್ಲಿ ಲಾಸ್ ಏಂಜಲೀಸ್‌ನ ಹೊಗೆಮಂಜಿನಲ್ಲಿ ಇದನ್ನು ಪತ್ತೆಹಚ್ಚಿದವರು ರಸಾಯನ ವಿಜ್ಞಾನಿ ಹಾಗನ್-ಸ್ಮಿಟ್. ಅದಕ್ಕೂ ಮುಂಚೆ ಅವರು ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದರು! ಪಿಯುಸಿ ಕ್ಲಾಸಿನಲ್ಲಿ ನಾನು ತಪ್ಪದೇ ಹೇಳುವ ಕಥೆ ಇದು.

ಈಗ ನಿಮ್ಮ ಮನೆಗೆ ಬರೋಣ. ಸಿಲ್ಕ್ ಬೋರ್ಡಿನಲ್ಲಿ ಪ್ರತಿ ಕ್ಷಣ ಹೊಸ ನೈಟ್ರಿಕ್ ಆಕ್ಸೈಡ್ ಬೀಳುತ್ತಿರುತ್ತದೆ, ಅದು ಅಲ್ಲಿನ ಓಝೋನನ್ನು ತಿಂದು ಹಾಕುತ್ತದೆ. ಹಾಗಂತ ಅಲ್ಲಿನ ಗಾಳಿ ಚೆನ್ನಾಗಿದೆ ಅಂತಲ್ಲ. ಆಗ್ನೇಯದಿಂದ ಗಾಳಿ ಬೀಸುವ ದಿನ ಯಶವಂತಪುರ, ಪೀಣ್ಯದ ಹೊಗೆ ನಿಮ್ಮ ಕಡೆಗೇ ಹೊರಡುತ್ತದೆ. ದಾರಿಯುದ್ದಕ್ಕೂ ಬಿಸಿಲು ಕಾದು, ನಿಮ್ಮ ತೋಟ ತಲುಪುವ ಹೊತ್ತಿಗೆ ಓಝೋನ್ ಹುಟ್ಟಿರುತ್ತದೆ. ರಾತ್ರಿ ನೆಲದ ಹತ್ತಿರ ಅದು ಎಲೆ, ಗೋಡೆಗೆ ತಾಗಿ ಕಡಿಮೆಯಾಗುತ್ತದೆ. ಆದರೆ ಕೆಲವು ನೂರು ಮೀಟರ್ ಮೇಲೆ ಉಳಿದದ್ದು ಗಾಳಿ ಜೊತೆ ದೂರ ಸಾಗುತ್ತದೆ. ಬೆಳಿಗ್ಗೆ ನೆಲ ಕಾದಾಗ ಬೇರೆ ಯಾವುದೋ ಊರಿನಲ್ಲಿ ಕೆಳಗಿಳಿಯುತ್ತದೆ. ಹೊಗೆ ಬಿಟ್ಟವರೊಬ್ಬರು, ಉಸಿರಾಡುವವರು ಇನ್ನೊಬ್ಬರು. ನನಗೆ ತುಂಬಾ ಬೇಸರ ತರುವ ಸಂಗತಿ ಇದು.

ಆ್ಯಪ್‌ನಲ್ಲಿ ಸೂಚ್ಯಂಕದ ಬದಲು ಮೈಕ್ರೋಗ್ರಾಂ ಲೆಕ್ಕ ನೋಡಿ. ನಮ್ಮ ದೇಶದ ಮಿತಿ 8 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100. ಸಾಮಾನ್ಯವಾಗಿ ಮಧ್ಯಾಹ್ನ 2ರಿಂದ 4ರ ಹೊತ್ತಿಗೆ ಏರಿಕೆ ಜಾಸ್ತಿ. ಆಗ ಅತ್ತೆಯವರು ಒಳಗಿರಲಿ, ವಾಕಿಂಗ್ ಬೆಳಿಗ್ಗೆ ಬೇಗ ಮುಗಿಸಲಿ. ಎನ್95 ಮಾಸ್ಕ್ ದೂಳು ತಡೆಯುತ್ತದೆ, ಓಝೋನ್ ಅನಿಲವನ್ನಲ್ಲ. ಇನ್ಹೇಲರ್ ಬಗ್ಗೆ ಡಾಕ್ಟರನ್ನು ಕೇಳಿ. ಮತ್ತೆ, ಬೇಸಿಗೆಯಲ್ಲಿ ಪೆಟ್ರೋಲ್ ಹಾಕಿಸುವುದಿದ್ದರೆ ಹೊತ್ತು ಮುಳುಗಿದ ಮೇಲೆ ಹಾಕಿಸಿ.