ಇಂಗ್ಲಿಷ್ ಪ್ರಶ್ನೆಯನ್ನು ಇಂಡೈರೆಕ್ಟ್ ಸ್ಪೀಚ್‌ಗೆ ಬದಲಿಸುವಾಗ ಪದೇ ಪದೇ ತಪ್ಪಾಗುವುದೇಕೆ?

ಇಂಡೈರೆಕ್ಟ್ ಸ್ಪೀಚ್ ಎಂದರೆ ಒಬ್ಬರು ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡದೆ ನಮ್ಮ ವಾಕ್ಯದಲ್ಲಿ ವರದಿ ಮಾಡುವುದು. ಕನ್ನಡದಲ್ಲಿ ‘ನಾಳೆ ಬರುತ್ತೇನೆ ಎಂದಳು’ ಅಂದರೆ ಸಾಕು. ‘ಎಂದು’ ಆಡಿದ ಮಾತನ್ನು ಇದ್ದ ಹಾಗೇ ಉಳಿಸಿಬಿಡುತ್ತದೆ. ಇಂಗ್ಲಿಷ್‌ನಲ್ಲಿ ‘ಐ ವಿಲ್ ಕಮ್ ಟುಮಾರೊ’ ಎಂಬುದು ‘ಶಿ ಸೆಡ್ ದಟ್ ಶಿ ವುಡ್ ಕಮ್ ದ ನೆಕ್ಸ್ಟ್ ಡೇ’ ಆಗುತ್ತದೆ: ಸರ್ವನಾಮ, ಕ್ರಿಯಾಪದದ ರೂಪ, ಸಮಯಸೂಚಕ ಪದ ಮೂರೂ ಬದಲು.

ಪ್ರಶ್ನೆಯಾದರೆ ಪದಗಳ ಕ್ರಮವೂ ಬದಲಾಗಬೇಕು, ಎಡವುವುದು ಇಲ್ಲೇ. ‘ವೇರ್ ಡು ಯು ಲಿವ್?’ ಎಂದು ಅವನು ಕೇಳಿದ್ದನ್ನು ‘ಹಿ ಆಸ್ಕ್ಡ್ ಮಿ ವೇರ್ ಡಿಡ್ ಐ ಲಿವ್’ ಎಂದು ಬರೆದರೆ ತಪ್ಪು, ‘ವೇರ್ ಐ ಲಿವ್ಡ್’ ಸರಿ. ಏಕೆಂದರೆ ಈಗ ಅದು ಪ್ರಶ್ನೆಯಲ್ಲ, ಒಂದು ಹೇಳಿಕೆಯ ಭಾಗ. ಹಾಗಾಗಿ ಕರ್ತೃ ಮೊದಲು, ಕ್ರಿಯಾಪದ ಆಮೇಲೆ. ‘ಡು’ ಬಿದ್ದುಹೋಗುತ್ತದೆ, ಭೂತಕಾಲದ ಗುರುತು ‘ಲಿವ್’ಗೆ ಸೇರುತ್ತದೆ. ಕೊನೆಯಲ್ಲಿ ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆಯಲ್ಲ.

ಹೌದು-ಇಲ್ಲ ಉತ್ತರದ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’ ಸೇರಿಸಿ: ‘ಆರ್ ಯು ಟಯರ್ಡ್?’ ಎಂಬುದು ‘ಶಿ ಆಸ್ಕ್ಡ್ ಇಫ್ ಐ ವಾಸ್ ಟಯರ್ಡ್.’ ಇಲ್ಲಿ ‘ದಟ್’ ಬರುವುದೇ ಇಲ್ಲ. ಆಜ್ಞೆಗೆ ‘ಟು’ ಸಾಕು: ‘ಹಿ ಟೋಲ್ಡ್ ಮಿ ಟು ವೇಟ್.’

ಕಾಲವನ್ನು ಮಾತ್ರ ಕಣ್ಣುಮುಚ್ಚಿ ಹಿಂದಕ್ಕೆ ತಳ್ಳಬೇಡಿ. ವರದಿಯ ಕ್ರಿಯಾಪದ (‘ಸೆಡ್’, ‘ಆಸ್ಕ್ಡ್’ ಇದ್ದ ಜಾಗದ ಪದ) ವರ್ತಮಾನ ಕಾಲದ ‘ಸೇಸ್’ ಆಗಿದ್ದರೆ ಒಳಗಿನ ಕಾಲ ಹಾಗೇ ಇರಲಿ. ಅದೇ ದಿನ ವರದಿ ಮಾಡುತ್ತಿದ್ದರೆ ‘ಟುಮಾರೊ’ವನ್ನೂ ಬದಲಿಸಬೇಕಿಲ್ಲ.