ಹಳೇ ಲೈಬ್ರರಿ ಬೇಕಾ? ಹೆಸರು ಬಿಡಿ, ಕೈಯಲ್ಲಿರೋ ಫೈಲನ್ನೇ ಹುಡುಕಿ

ನಿಮ್ಮ ಕಾಲೇಜು ಲ್ಯಾಬಿನ ಹಳೇ ಉಪಕರಣಕ್ಕೆ ಬೇಕಾದ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಗೂಗಲ್ ಕೋಡ್ ಅನ್ನೋ ಕೋಡ್ ಹಂಚುವ ತಾಣದಲ್ಲಿತ್ತು, ಈಗ ಆ ತಾಣ ಮುಚ್ಚಿದೆ. ಹಳೇ ಕೋಡ್ ಉಳಿಸಿಡುವ ಆರ್ಕೈವ್ ಸಾಫ್ಟ್‌ವೇರ್ ಹೆರಿಟೇಜ್‌ನಲ್ಲಿ ಹೆಸರು ಹಾಕಿದರೆ ಸಾಲು ಸಾಲು ಪ್ರತಿಗಳು ಬರ್ತವೆ. ಇದರಲ್ಲಿ ಅಸಲಿ ಯಾವುದು, ಇದಕ್ಕಿಂತ ಚೆನ್ನಾಗಿ ಹುಡುಕಿಕೊಡುವ ಆರ್ಕೈವ್ ಇನ್ನೊಂದು ಇದೆಯಾ ಅಂತ ಕೇಳಿದ್ದೀರಿ. ನಾನೂ ಹೀಗೇ ಹುಡುಕಿದವನು. ರಾಯಚೂರು ಕಡೆಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ, ವೇಬ್ರಿಡ್ಜ್ ಪಕ್ಕದ ಚಿಕ್ಕ ರೂಮಿನಲ್ಲಿ ಕೂತು.

ಅಲ್ಲಿನ ತೂಕದ ಪ್ರೋಗ್ರಾಂ ಜಾವಾದಲ್ಲಿತ್ತು. ಬರೆದವರು ಊರು ಬಿಟ್ಟು ಹೋಗಿದ್ದರು. ಟ್ರ್ಯಾಕ್ಟರ್ ವೇಬ್ರಿಡ್ಜ್ ಹತ್ತಿದಾಗ ಇಂಡಿಕೇಟರ್‌ನಲ್ಲಿ ಕಾಣುವ ತೂಕ ಸೀರಿಯಲ್ ಕೇಬಲ್ ಹಿಡಿದು ಕಂಪ್ಯೂಟರಿಗೆ ಬರಬೇಕು. ಅದನ್ನು ಓದುತ್ತಿದ್ದದ್ದು ಆರ್‌ಎಕ್ಸ್‌ಟಿಎಕ್ಸ್ ಅನ್ನೋ ಓಪನ್ ಸೋರ್ಸ್ ಲೈಬ್ರರಿ. ಇದರಲ್ಲಿ ಎರಡು ಭಾಗ ಇವೆ. ಜಾವಾ ಕಡೆಗೆ ಒಂದು ಜಾರ್ ಫೈಲು, ಅದರ ಕೆಳಗೆ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ, ಅಂದರೆ ಕಂಪ್ಯೂಟರ್ ನೇರ ಓಡಿಸುವ ರೂಪಕ್ಕೆ ತಂದ, ಡಿಎಲ್‌ಎಲ್ ಫೈಲು. ಸೀಸನ್ ಶುರುವಾಗೋ ಹೊತ್ತಿಗೆ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದಕ್ಕೆ 64 ಬಿಟ್ ಜಾವಾ ಹಾಕಿದೆ, ಹಳೇ ಹಾರ್ಡ್ ಡಿಸ್ಕಿನಿಂದ ಎಲ್ಲಾ ಕಾಪಿ ಮಾಡಿದೆ, ಓಡಿಸಿದೆ. 32 ಬಿಟ್ ಡಿಎಲ್‌ಎಲ್ಲನ್ನು 64 ಬಿಟ್ ಜಾವಾದಲ್ಲಿ ಲೋಡ್ ಮಾಡಕ್ಕಾಗಲ್ಲ ಅಂತ ಎರರ್ ಬಂತು.

ತಪ್ಪಾಗಿದ್ದು ಇಲ್ಲೇ. ಲೈಬ್ರರಿಯ ಹೆಸರು, ಜೊತೆಗೆ '64 ಬಿಟ್' ಅಂತ ಹಾಕಿ ಹುಡುಕಿದೆ. ಯಾರೋ ಕಂಪೈಲ್ ಮಾಡಿ ಇಟ್ಟಿದ್ದ ಡಿಎಲ್‌ಎಲ್ ಸಿಕ್ಕಿತು. ಫೈಲಿನ ಹೆಸರು ಅಕ್ಷರ ಬಿಡದಂತೆ ಅದೇ. ಹಳೇ ಡಿಎಲ್‌ಎಲ್ ತೆಗೆದು ಇದನ್ನು ಹಾಕಿದೆ, ಜಾರ್ ಮಾತ್ರ ಹಳೆಯದೇ ಉಳಿಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದಾಗ ಒಂದು ಎಚ್ಚರಿಕೆ ಬಂತು: ಜಾರ್ 2.1-7, ಡಿಎಲ್‌ಎಲ್ 2.2ಪ್ರೀ2, ಆವೃತ್ತಿಗಳು ಹೊಂದುತ್ತಿಲ್ಲ ಅಂತ. ತೂಕ ಸರಿಯಾಗೇ ಬರ್ತಿತ್ತು. ಇದು ಎಚ್ಚರಿಕೆ ತಾನೇ, ಎರರ್ ಏನಲ್ಲವಲ್ಲ ಅಂದುಕೊಂಡು ಬಿಟ್ಟೆ. ಮಿಲ್ಲಿನಲ್ಲಿ ಪ್ರೋಗ್ರಾಂ ಶುರುವಾಗುತ್ತಿದ್ದದ್ದು ಜಾವಾಡಬ್ಲ್ಯೂ ಮೂಲಕ. ಅದು ಇಂಥ ಸಂದೇಶ ತೋರಿಸುವ ಕನ್ಸೋಲ್ ಕಿಟಕಿಯನ್ನೇ ತೆರೆಯಲ್ಲ. ಹಾಗಾಗಿ ಆ ಸಾಲು ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವೂ ಇದರ ಅಂಚಿನಲ್ಲೇ ಇದ್ದೀರಿ. ಜಾವಾ ಭಾಗ ಸಿ ಭಾಗವನ್ನು ಕರೆಯುವಾಗ ಯಾವ ಫಂಕ್ಷನ್, ಎಷ್ಟು ಮೌಲ್ಯ, ಯಾವ ಬಗೆಯವು ಅನ್ನೋದು ಎರಡೂ ಕಡೆ ಒಂದೇ ಇರಬೇಕು. ಒಂದೇ ಆವೃತ್ತಿಯ ಸೋರ್ಸಿನಿಂದ (ಮನುಷ್ಯರು ಬರೆದ ಮೂಲ ಕೋಡಿನಿಂದ) ಎರಡನ್ನೂ ಕಂಪೈಲ್ ಮಾಡಿದ್ದರೆ ಅದು ತಾನಾಗೇ ಹೊಂದುತ್ತೆ. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತಂದರೆ ಒಂದೊಂದು ಫಂಕ್ಷನ್ನೂ ಹೊಂದಿದೆಯಾ ಅಂತ ನೋಡುವವರು ಯಾರೂ ಇರಲ್ಲ. ಕೆಲವು ಫಂಕ್ಷನ್ ಬದಲಾಗಿರಲ್ಲ, ಅವು ಸರಿಯಾಗೇ ನಡೀತವೆ. ಅದನ್ನು ನೋಡಿ ಎಲ್ಲಾ ಸರಿ ಇದೆ ಅನಿಸುತ್ತೆ. ಸಿ ಭಾಗ ತನ್ನದಲ್ಲದ ಮೆಮೊರಿಗೆ ಕೈ ಹಾಕಿದ ಕ್ಷಣ ಜಾವಾಗೆ ಅದನ್ನು ಹಿಡಿಯೋಕೆ ದಾರಿಯೇ ಇಲ್ಲ, ಇಡೀ ಪ್ರೋಗ್ರಾಂ ಬಿದ್ದುಹೋಗುತ್ತೆ. ನಮ್ಮಲ್ಲಿ ಬೀಳ್ತಿದ್ದದ್ದು ಸೀರಿಯಲ್ ಪೋರ್ಟ್ (ಕೇಬಲ್ಲಿನ ಸಂಪರ್ಕ) ಮುಚ್ಚುವಾಗ. ಅಂದರೆ ತುಂಬಿದ ಗಾಡಿಯ ತೂಕ ಓದಿ ಆದಮೇಲೆ, ಚೀಟಿ ಪ್ರಿಂಟ್ ಆಗೋ ಮೊದಲು. ಪರದೆಯ ಮೇಲಿನ ಕಿಟಕಿ ಮಾತಿಲ್ಲದೆ ಮಾಯ.

ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯಿತು. ಗುಮಾಸ್ತರು ಇಂಡಿಕೇಟರ್ ನೋಡಿ ಕೈಯಲ್ಲೇ ಚೀಟಿ ಬರೆಯತೊಡಗಿದರು. ಕೈಬರಹದ ತೂಕ ನಂಬಲ್ಲ ಅಂತ ರೈತರು ಜಗಳಕ್ಕೆ ನಿಂತರು, ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಸೀಸನ್ ಆದಮೇಲೆ ಸಾಹುಕಾರರು ನನ್ನ ನಿರ್ವಹಣೆ ಕರಾರು ನಿಲ್ಲಿಸಿದರು.

ಪ್ರೋಗ್ರಾಂ ಬಿದ್ದಾಗಲೆಲ್ಲಾ ಅದೇ ಫೋಲ್ಡರಿನಲ್ಲಿ ಜಾವಾ ಒಂದು ಲಾಗ್ ಫೈಲ್ ಬಿಟ್ಟು ಹೋಗ್ತಿತ್ತು. ತಡವಾಗಿಯಾದರೂ ತೆರೆದು ನೋಡಿದೆ. ತೊಂದರೆ ಎಲ್ಲಾಯ್ತು ಅನ್ನೋ ಸಾಲಿನಲ್ಲಿ ನಾನು ತಂದ ಡಿಎಲ್‌ಎಲ್ಲಿನ ಹೆಸರೇ ಇತ್ತು. ಆಮೇಲೆ ಹಳೇ ಜಾರ್‌ನ ಹ್ಯಾಶ್, ಅಂದರೆ ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ತೆಗೆದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಅಂತ ಇದೆ, ಎಸ್‌ಎಚ್‌ಎ1 ಹ್ಯಾಶ್ ಕೊಡುತ್ತೆ. ಜಾವಾ ಲೈಬ್ರರಿಗಳ ಭಂಡಾರ ಮಾವೆನ್ ಸೆಂಟ್ರಲ್‌ನಲ್ಲಿ ಆ ಹ್ಯಾಶ್ ಹಾಕಿಯೇ ಹುಡುಕಿದೆ. 2.1.7 ಅಂತ ಒಂದೇ ಉತ್ತರ ಬಂತು. ಕೊನೆಗೆ ಮಾಡಿದ್ದಿಷ್ಟೇ: 32 ಬಿಟ್ ಜಾವಾ ಹಾಕಿ, ಹಳೇ ಡಿಸ್ಕಿನ ಜಾರ್, ಡಿಎಲ್‌ಎಲ್ ಜೋಡಿಯನ್ನೇ ವಾಪಸ್ ಇಟ್ಟೆ. 64 ಬಿಟ್ ವಿಂಡೋಸ್ ಮೇಲೆ 32 ಬಿಟ್ ಜಾವಾ ಆರಾಮಾಗಿ ಓಡುತ್ತೆ.

ಈಗ ನಿಮ್ಮ ಪ್ರಶ್ನೆಗೆ. 'ಚೆನ್ನಾಗಿ ಹುಡುಕುವ ಆರ್ಕೈವ್' ಬೇಕು ಅನ್ನೋದನ್ನು ನಾನು ಒಪ್ಪಲ್ಲ. ನಿಮ್ಮ ಹತ್ತಿರ ಇರೋದು ಒಳ್ಳೆಯ ಆರ್ಕೈವೇ. ಪ್ಯಾರಿಸ್ಸಿನ ಸಾಫ್ಟ್‌ವೇರ್ ಹೆರಿಟೇಜನ್ನು ಫ್ರಾನ್ಸಿನ ಇನ್ರಿಯಾ ಸಂಸ್ಥೆ 2016ರಲ್ಲಿ ಶುರು ಮಾಡಿತು. ಅದೇ ವರ್ಷದ ಜನವರಿಯಲ್ಲಿ ಮುಚ್ಚಿದ ಗೂಗಲ್ ಕೋಡ್‌ನ ಸರಕೂ ಅದರಲ್ಲಿದೆ. ನೀವು ಅಲ್ಲಿ ಹೆಸರು ಹಾಕಿದಾಗ ಅದು ಕೋಡಿನ ಒಳಗೆ ಹುಡುಕಲ್ಲ. ಕೋಡ್ ಎಲ್ಲಿಂದ ಬಂತೋ ಆ ವೆಬ್ ವಿಳಾಸದಲ್ಲಿ ನಿಮ್ಮ ಪದ ಇದೆಯಾ ಅಂತ ನೋಡುತ್ತೆ. ಹೆಸರು ಬದಲಿಸಿಕೊಂಡ ಪ್ರತಿ ಅದರ ಕಣ್ಣಿಗೆ ಬೀಳಲ್ಲ, ಅದೇ ಹೆಸರಿಟ್ಟುಕೊಂಡ ಬೇರೇನೋ ಬೀಳುತ್ತೆ.

'ಅಸಲಿ ಯಾವುದು' ಅನ್ನೋದನ್ನೂ ಬಿಡಿ. ಅಲ್ಲಿ ಪ್ರತಿ ಫೈಲಿಗೂ ಪ್ರತಿ ಫೋಲ್ಡರಿಗೂ ಅದರ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ ಗುರುತು ಇರುತ್ತೆ. ಅದಕ್ಕೆ ಎಸ್‌ಡಬ್ಲ್ಯೂಎಚ್‌ಐಡಿ ಅಂತಾರೆ. ನೂರು ಜನ ಕಾಪಿ ಮಾಡಿಟ್ಟಿದ್ದರೂ ಒಳಗಿನದು ಒಂದೇ ಆಗಿದ್ದರೆ ಗುರುತೂ ಒಂದೇ. ಎರಡು ಪ್ರತಿಗಳ ಫೋಲ್ಡರ್ ಗುರುತು ಹೋಲಿಸಿ. ಒಂದೇ ಇದ್ದರೆ ಯಾವುದನ್ನು ತಗೊಂಡರೂ ಒಂದೇ. ಬೇರೆ ಇದ್ದರೆ ಒಳಗೆ ಹೋಗಿ ಯಾವ ಫೈಲಿನ ಗುರುತು ಬೇರೆ ಇದೆ ನೋಡಿ, ವ್ಯತ್ಯಾಸ ಅಲ್ಲೇ ಇದೆ. ಜನರ ಮೆಚ್ಚುಗೆಯ ಸ್ಟಾರ್ ಎಷ್ಟು ಬಿದ್ದಿವೆ ಅಂತ ನೋಡಿ ಆರಿಸಬೇಡಿ.

ನಿಮ್ಮ ಉಪಕರಣದ ಹಳೇ ಕಂಪ್ಯೂಟರಿನಲ್ಲಿ ಆ ಲೈಬ್ರರಿಯ ಒಂದು ಹೆಡರ್ ಫೈಲಾದರೂ (ಲೈಬ್ರರಿಯ ಫಂಕ್ಷನ್‌ಗಳ ಪಟ್ಟಿ ಇರುವ ಸೋರ್ಸ್ ಫೈಲು) ಉಳಿದಿರುತ್ತೆ, ಅಲ್ವಾ? ಕೋಡಿನ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್ ಅನ್ನೋ ಸಾಧನದ ಹ್ಯಾಶ್-ಆಬ್ಜೆಕ್ಟ್ ಕಮಾಂಡಿಗೆ ಅದನ್ನು ಕೊಡಿ. 40 ಅಕ್ಷರದ ಹ್ಯಾಶ್ ಬರುತ್ತೆ. ಫೈಲುಗಳಿಗೆ ಸಾಫ್ಟ್‌ವೇರ್ ಹೆರಿಟೇಜ್ ಬಳಸುವುದೂ ಅದೇ ಹ್ಯಾಶ್. ಅದರ ಶುರುವಿನಲ್ಲಿ 'ಎಸ್‌ಡಬ್ಲ್ಯೂಎಚ್:1:ಸಿಎನ್‌ಟಿ:' ಅನ್ನೋದನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಸೇರಿಸಿ ಅಲ್ಲಿನ ಹುಡುಕು ಪೆಟ್ಟಿಗೆಯಲ್ಲಿ ಹಾಕಿ. ಫೈಲ್ ಅಲ್ಲಿದ್ದರೆ ನೇರ ತೆರೆದುಕೊಳ್ಳುತ್ತೆ. ಸಿಗದಿದ್ದರೆ ತಕ್ಷಣ ಕೈಬಿಡಬೇಡಿ. ವಿಂಡೋಸ್‌ನಲ್ಲಿ ಉಳಿಸಿದ ಫೈಲಿನಲ್ಲಿ ಸಾಲು ಮುಗಿಯುವ ಗುರುತು ಬೇರೆ ಇರಬಹುದು, ಕಣ್ಣಿಗೆ ಕಾಣದಿದ್ದರೂ ಹ್ಯಾಶ್ ಪೂರ್ತಿ ಬದಲಾಗುತ್ತೆ. ಲಿನಕ್ಸ್ ಮಾದರಿಯ ಸಾಲಿಗೆ ಬದಲಿಸಿ ಇನ್ನೊಮ್ಮೆ ನೋಡಿ.

ಹೆಡರ್ ಕೂಡ ಇಲ್ಲ ಅಂದರೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ ತಾಣಕ್ಕೆ ಹೋಗಿ. ಅವರ ಸ್ನ್ಯಾಪ್‌ಶಾಟ್ ಆರ್ಕೈವಿನಲ್ಲಿ 2005ರಿಂದಿನ ಪ್ಯಾಕೇಜುಗಳಿವೆ, ತಾರೀಖು ಆರಿಸಿ ಅಂದಿನ ಸ್ಥಿತಿಯನ್ನು ನೋಡಬಹುದು. ಪ್ಯಾಕೇಜಿನ ಸೋರ್ಸಿನೊಳಗೆ ಡೆಬಿಯನ್ ಅನ್ನೋ ಫೋಲ್ಡರ್ ಇರುತ್ತೆ. ಅಲ್ಲಿ ಕಾಪಿರೈಟ್ ಫೈಲಿನಲ್ಲಿ ಲೈಸೆನ್ಸ್ ವಿವರ ಸಿಗುತ್ತೆ, ಸಾಮಾನ್ಯವಾಗಿ ಕೋಡಿನ ಮೂಲ ವಿಳಾಸವೂ ಇರುತ್ತೆ. ಆ ವಿಳಾಸವನ್ನು ಹಿಡಿದು ಸಾಫ್ಟ್‌ವೇರ್ ಹೆರಿಟೇಜ್‌ಗೆ ಹೋದರೆ ಯಾವ ಯಾವ ದಿನ ಅದನ್ನು ಉಳಿಸಿಕೊಂಡಿದ್ದಾರೆ ಅನ್ನೋದು ಕ್ಯಾಲೆಂಡರಿನಲ್ಲೇ ಕಾಣುತ್ತೆ. ನನಗೆ ಜಾಸ್ತಿ ಕಲಿಸಿದ್ದು ಆ ಡೆಬಿಯನ್ ಫೋಲ್ಡರಿನೊಳಗಿನ ಪ್ಯಾಚಸ್ (ತಿದ್ದುಪಡಿಗಳ) ಫೋಲ್ಡರ್. ಮೂಲ ಕೋಡಿನಲ್ಲಿ ಏನನ್ನು ತಿದ್ದಬೇಕಾಯ್ತು ಅನ್ನೋದು ಅಲ್ಲಿ ಒಂದೊಂದಾಗಿ ಇರುತ್ತೆ, ಎಷ್ಟೋ ಸಲ ಕಾರಣವನ್ನೂ ಬರೆದಿರ್ತಾರೆ. ಆರ್‌ಎಕ್ಸ್‌ಟಿಎಕ್ಸ್ ಪ್ಯಾಚುಗಳನ್ನು ಮಿಲ್ಲಿಗೆ ಹೋಗೋ ಮೊದಲೇ ಓದಿದ್ದರೆ ಸಿಕ್ಕಿದ ಡಿಎಲ್‌ಎಲ್ಲನ್ನು ಸುಮ್ನೆ ಎತ್ತಿ ಹಾಕುತ್ತಿರಲಿಲ್ಲ.

ಸಿಕ್ಕಮೇಲೆ ಬರೀ ಸೋರ್ಸ್ ಇಳಿಸಿಕೊಳ್ಳಿ, ಯಾರೋ ಕಂಪೈಲ್ ಮಾಡಿಟ್ಟದ್ದು ಬೇಡ. ಫೋಲ್ಡರ್ ದೊಡ್ಡದಿದ್ದರೆ ಅವರು ಪೊಟ್ಟಣ ಕಟ್ಟಿ ಕೊಡೋಕೆ ಹೊತ್ತು ಹಿಡಿಯುತ್ತೆ, ಕಾಯಿರಿ. ಎಲ್ಲಾ ಭಾಗಗಳನ್ನೂ ಆ ಒಂದೇ ಫೋಲ್ಡರಿನಿಂದ ಕಂಪೈಲ್ ಮಾಡಿ, ಫೋಲ್ಡರಿನ ಗುರುತನ್ನು ಉಪಕರಣದ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ತಿದ್ದುಪಡಿಗಳನ್ನು ಎಲ್ಲಾದರೂ ಗಿಟ್‌ನಲ್ಲಿ ಹಾಕಿದರೆ, 'ಸೇವ್ ಕೋಡ್ ನೌ' ಪುಟದಲ್ಲಿ ಆ ವಿಳಾಸ ಕೊಡಿ, ಅದೂ ಆರ್ಕೈವಿಗೆ ಸೇರುತ್ತೆ.

ಲೈಬ್ರರಿಯ ಹೆಸರನ್ನು ನೀವು ಹೇಳಿಲ್ಲ. ಹೆಡರ್ ಫೈಲಿನ ಹ್ಯಾಶ್ ತೆಗೆದು ಈ ಉತ್ತರದ ಕೆಳಗೆ ಹಾಕಿ, ನಾನೂ ಹುಡುಕುತ್ತೇನೆ.