ಕಪ್ಪು ಗಾಜಿನ ಕತ್ತಿ: ಒಂದೇ ಏಟಿಗೆ ಎರಡು ತುಂಡು

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೋಳ್ದ್ ಹೊತ್ತಿಗೆ ಆಯುಧಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಒಡಿಕತ್ತಿ (ಅಗಲ ಅಲಗಿನ ಬಾಗಿದ ಕತ್ತಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಬಾಕು), ಕೋವಿ ಬಗ್ಗೆಯೇ ಬರುತ್ತವೆ ಎಂದುಕೊಂಡಿದ್ದೆ. ಅವೂ ಬಂದಿವೆ, ಮುಂದಿನ ಸಲ ನೋಡೋಣ. ಆದರೆ ನಾಲ್ಕು ಜನ ಕೇಳಿದ್ದು ಒಂದೇ ವಸ್ತುವಿನ ಬಗ್ಗೆ: ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜು. ಮಕ್ಕಳು ಆಡುವ ಗೇಮುಗಳ ಪ್ರಭಾವ ಇರಬೇಕು. ನನ್ನ ಮೇಜಿನ ಮೇಲೆ ಅದರದ್ದೊಂದು ಗಟ್ಟಿ ವರ್ಷಗಳಿಂದ ಕೂತಿದೆ, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿಗೆ ನಾಲ್ಕು ಅಡಿ ಉದ್ದದ ಅಬ್ಸಿಡಿಯನ್ ಕತ್ತಿ ಇದೆ. ಊರಿನ ಆಚಾರಿ ಅದನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿಕೊಡುತ್ತಾನೆ. ಇದು ಸಾಧ್ಯವೇ ಇಲ್ಲ ಎಂದು ಗೆಳತಿ ನಗುತ್ತಾಳೆ. ನಿಜವಾ? (ಮಡಿಕೇರಿ)

ಗೆಳತಿ ನಕ್ಕಿದ್ದು ಸರಿಯೇ. ಆದರೆ ಕತ್ತಿಯನ್ನು ಬಿಸಾಡಬೇಡಿ, ಸ್ವಲ್ಪ ರಿಪೇರಿ ಮಾಡೋಣ.

ಮೊದಲು ಕುಲುಮೆಯ ವಿಷಯ. ಸಿಲಿಕಾ ಜಾಸ್ತಿ ಇರುವ ಲಾವಾ ಬೇಗ ತಣಿದು, ಹರಳುಗಟ್ಟಲು ಪುರುಸೊತ್ತೇ ಸಿಗದೆ ಗಟ್ಟಿಯಾದರೆ ಅದು ಅಬ್ಸಿಡಿಯನ್. ಕಲ್ಲಿನಂತೆ ಕಂಡರೂ ಸ್ವಭಾವದಲ್ಲಿ ಕಿಟಕಿ ಗಾಜಿನ ಅಣ್ಣ. ಕಬ್ಬಿಣವನ್ನು ಬಡಿದರೆ ಹರಡುತ್ತದೆ, ಗಾಜನ್ನು ಬಡಿದರೆ ಒಡೆಯುತ್ತದೆ. ಕಾಯಿಸಿದರೆ ಇನ್ನೂ ಕಷ್ಟ. ಅದರೊಳಗೆ ಒಂಚೂರು ನೀರಿನ ಅಂಶ ಸಿಕ್ಕಿಬಿದ್ದಿರುತ್ತದೆ. ತಿದಿ ಊದಿ ಊದಿ ಕಾವು ಏರಿಸಿದರೆ ಕಲ್ಲು ಬಿರುಕು ಬಿಡಬಹುದು, ಇಲ್ಲವೇ ಆ ನೀರು ಆವಿಯಾಗಿ ಕಲ್ಲು ಹಪ್ಪಳದ ಹಾಗೆ ಉಬ್ಬಬಹುದು. ಸಸಿಗಳ ನರ್ಸರಿಯಲ್ಲಿ ಮಣ್ಣಿಗೆ ಬೆರೆಸುವ ಬಿಳಿ ಹಗುರ ಕಾಳು, ಪರ್ಲೈಟ್, ನೋಡಿದ್ದೀರಲ್ವಾ? ಅದು ನೀರು ಹೀರಿಕೊಂಡ ಜ್ವಾಲಾಮುಖಿ ಗಾಜನ್ನು ಕಾಯಿಸಿ ಅರಳಿಸಿದ್ದೇ. ನಿಮ್ಮ ಆಚಾರಿಯ ಕೈಗೆ ಬರುವುದು ಕತ್ತಿಯಲ್ಲ, ಗೊಬ್ಬರದ ಜೊತೆ ಹಾಕುವ ಅರಳು.

ಇನ್ನು ನಾಲ್ಕು ಅಡಿ. ಗಾಜು ಅದುಮುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಬಗ್ಗಿಸಿದರೆ ತಡೆಯುವುದಿಲ್ಲ. ಮೈಮೇಲೆ ಕಣ್ಣಿಗೆ ಕಾಣದ ಗೀರು ಒಂದಿದ್ದರೂ ಸಾಕು, ಬಿರುಕು ಅಲ್ಲಿಂದ ಹೊರಟು ಎಲ್ಲೂ ನಿಲ್ಲದೆ ಆ ಕಡೆಗೆ ಹೋಗಿಬಿಡುತ್ತದೆ. ಉದ್ದವಾದಷ್ಟೂ ಅಪಾಯ ಜಾಸ್ತಿ. ಮುರಿಯದಿರಲಿ ಎಂದು ದಪ್ಪ ಮಾಡಿದರೆ ಹರಿತ ಹೋಯಿತು. ನಿಮ್ಮ ನಾಯಕಿ ಮೊದಲ ಏಟು ಹೊಡೆಯುವಾಗಲೇ ಕೈಯಲ್ಲಿ ಹಿಡಿ ಮಾತ್ರ ಉಳಿಯುತ್ತದೆ.

ಹಾಗಾದರೆ ಇದನ್ನೇ ನಂಬಿ ಯುದ್ಧ ಮಾಡಿದವರು ಏನು ಮಾಡಿದರು? ಒಡೆಯುತ್ತದೆ ಎಂದು ಒಪ್ಪಿಕೊಂಡೇ ಆಯುಧ ಕಟ್ಟಿದರು. ಮೆಕ್ಸಿಕೋದ ಅಜ್ಟೆಕ್ ಜನರ ಮಕ್ವಾವಿಟ್ಲ್ ನೋಡಿ. ಅದು ಮರದ ಚಪ್ಪಟೆ ದೊಣ್ಣೆ, ಸುಮಾರು ಮೂರು ಅಡಿ. ಎರಡೂ ಅಂಚಿಗೆ ಉದ್ದಕ್ಕೆ ಸಣ್ಣ ಕಾಲುವೆಯಂತೆ ತೋಡಿ, ಬ್ಲೇಡಿನಂಥ ಅಬ್ಸಿಡಿಯನ್ ತುಂಡುಗಳನ್ನು ಸಾಲಾಗಿ ಕೂರಿಸಿ ಅಂಟು ಹಾಕುತ್ತಿದ್ದರು. ಏಟಿನ ಭಾರ ಹೊರುವುದು ಮರ, ಕೊಯ್ಯುವುದು ಗಾಜು. ಒಂದು ಹಲ್ಲು ಮುರಿದರೆ ಕಿತ್ತು ಇನ್ನೊಂದನ್ನು ಕೂರಿಸಿದರೆ ಮುಗಿಯಿತು, ಆಯುಧ ಹಾಳಾಗುವುದಿಲ್ಲ. ನನ್ನ ಪ್ರಕಾರ ಇಷ್ಟು ಜಾಣತನದ ಕಟ್ಟೋಣ ಇನ್ನೊಂದು ಸಿಗುವುದು ಕಷ್ಟ.

1519ರಲ್ಲಿ ಸ್ಪೇನಿನವರು ಅಲ್ಲಿಗೆ ಬಂದಾಗ ಇದರ ರುಚಿ ಕಂಡರು. ಒಂದೇ ಏಟಿಗೆ ಕುದುರೆಯ ಕುತ್ತಿಗೆ ಕತ್ತರಿಸಿದ ಕಥೆಯನ್ನು ಆ ಯುದ್ಧದಲ್ಲಿದ್ದ ಸಿಪಾಯಿಯೊಬ್ಬ ಬರೆದಿಟ್ಟಿದ್ದಾನೆ. ಸ್ವಲ್ಪ ಮಸಾಲೆ ಸೇರಿರಬಹುದು, ಪೂರ್ತಿ ಸುಳ್ಳಲ್ಲ. ಆದರೆ ಉಕ್ಕಿನ ಕವಚಕ್ಕೆ ತಾಗಿದರೆ ಗಾಜು ಪುಡಿ. ಅಲ್ಲಿನವರು ಹಾಕುತ್ತಿದ್ದ ದಪ್ಪ ಹತ್ತಿಯ ಅಂಗಿ ಇದಕ್ಕೆ ಒಳ್ಳೆಯ ರಕ್ಷಣೆ. ಅದು ಹಗುರ ಎಂದು ಎಷ್ಟೋ ಸ್ಪೇನಿನ ಸೈನಿಕರು ತಾವೂ ಅದನ್ನೇ ಹಾಕಿಕೊಂಡರು. ಆ ಕಾಲದ ಅಸಲಿ ಮಕ್ವಾವಿಟ್ಲ್ ಒಂದು ಮ್ಯಾಡ್ರಿಡ್‌ನ ಅರಮನೆಯ ಆಯುಧಶಾಲೆಯಲ್ಲಿತ್ತು. 1884ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗ ಮ್ಯೂಸಿಯಮ್ಮುಗಳಲ್ಲಿ ನೋಡುವುದೆಲ್ಲ ಹಳೇ ಚಿತ್ರ ನೋಡಿ ಮಾಡಿದ ಪ್ರತಿಗಳು.

ನಾನೂ ಒಂದು ಮಾಡಿ ನೋಡಿದ್ದೇನೆ. ಹಲಸಿನ ಹಲಗೆಯ ಅಂಚಿಗೆ ಹಾಗೇ ಕಾಲುವೆ ತೋಡಿ, ರಾಳಕ್ಕೆ ಜೇನುಮೇಣ ಬೆರೆಸಿ ಕಾಯಿಸಿ ಅಂಟು ಮಾಡಿದೆ. ಅಷ್ಟೊಂದು ಅಬ್ಸಿಡಿಯನ್ ಎಲ್ಲಿಂದ ತರಲಿ? ಹಲ್ಲಿಗೆ ಬಿಯರ್ ಸೀಸೆಯ ತಳದ ಚಕ್ಕೆಗಳನ್ನೇ ಹಾಕಿದೆ. ಮನೆ ಹಿಂದೆ ಗೊನೆ ಕಡಿದ ಬಾಳೆಗಿಡ ನಿಂತಿತ್ತು. ಬೀಸಿ ಹೊಡೆದೆ. ನಾಲ್ಕು ಬೆರಳು ಆಳ ಹೋಯಿತು, ಅಲ್ಲೇ ಕಚ್ಚಿಕೊಂಡಿತು. ಎಳೆದರೆ ದೊಣ್ಣೆ ಬಂತು, ಎರಡು ಹಲ್ಲು ದಿಂಡಿನಲ್ಲೇ ಉಳಿದವು. ಕೊಯ್ದ ಜಾಗ ಮಾತ್ರ ನೋಡಬೇಕು, ಒಂದು ನಾರೂ ಎದ್ದಿರಲಿಲ್ಲ, ಗಾಜಿನ ಹಾಗೆ ನುಣುಪು. ಪಕ್ಕದಲ್ಲಿದ್ದ ಭಾವ ತಮ್ಮ ಒಡಿಕತ್ತಿ ತಂದು ಒಂದೇ ಏಟಿಗೆ ದಿಂಡನ್ನು ಎರಡು ಮಾಡಿದರು. "ನಿಂದು ಕತ್ತಿಯೋ ಬಾಚಣಿಗೆಯೋ?" ಎಂದು ಕೇಳಿದರು. ಇವತ್ತಿಗೂ ಮನೆಯಲ್ಲಿ ಅದರ ಹೆಸರು ಬಾಚಣಿಗೆ.

ಈಗ ನಿಮ್ಮ ಕಾದಂಬರಿ. ಆಚಾರಿಯ ಬದಲು ಚಕ್ಕೆ ಎಬ್ಬಿಸುವ ಕುಶಲಿಯೊಬ್ಬಳನ್ನು ತನ್ನಿ. ಅವಳ ಹತ್ತಿರ ಬೆಂಕಿ ಇಲ್ಲ, ತಿದಿ ಇಲ್ಲ. ಮಡಿಲಲ್ಲಿ ಚರ್ಮದ ತುಂಡು, ಕೈಯಲ್ಲಿ ಕೊಂಬಿನ ಮೊನೆ. ಅಂಚಿಗೆ ಮೊನೆ ಇಟ್ಟು ಒತ್ತಿದರೆ "ಟಿಕ್" ಎಂದು ಚಕ್ಕೆ ಏಳುತ್ತದೆ. ನಾಯಕಿಯ ಸೊಂಟಕ್ಕೆ ಬದಲಿ ಹಲ್ಲುಗಳ ಚೀಲ ಕಟ್ಟಿ. ಯುದ್ಧ ಮುಗಿದ ಬಯಲಲ್ಲಿ ಬರಿಗಾಲಲ್ಲಿ ನಡೆಯಲು ಆಗಬಾರದು. ಗಾಯದೊಳಗೆ ಚೂರು ಉಳಿದು ಸೈನಿಕರು ಒದ್ದಾಡಬೇಕು. ಇಂಥ ವಿವರ ಬಂದರೆ ಓದುಗರು ನಂಬುತ್ತಾರೆ. ಕತ್ತಿಯ ಆಸೆ ಬಿಡಲಾಗದಿದ್ದರೆ ಗೇಣುದ್ದದ ಬಾಕು ಕೊಡಿ, ಇಲ್ಲವೇ ಈಟಿಯ ಮೊನೆ. ಪಪುವಾ ನ್ಯೂಗಿನಿಯ ಅಡ್ಮಿರಾಲ್ಟಿ ದ್ವೀಪಗಳಲ್ಲಿ ಅಬ್ಸಿಡಿಯನ್ ಮೊನೆಯ ಈಟಿ, ಬಾಕುಗಳನ್ನು ತೀರಾ ಇತ್ತೀಚಿನವರೆಗೂ ಮಾಡುತ್ತಿದ್ದರು.

ಕಥೆಗೆ ಇನ್ನೊಂದು ಎಳೆ ಬೇಕಾ? ಪ್ರತಿ ಜ್ವಾಲಾಮುಖಿಯ ಗಾಜಿಗೂ ಅದರದ್ದೇ ರಾಸಾಯನಿಕ ಗುರುತು ಇರುತ್ತದೆ. ಎಲ್ಲೋ ಸಿಕ್ಕ ಚೂರು ಯಾವ ಬೆಟ್ಟದ್ದು ಎಂದು ಇವತ್ತು ಪತ್ತೆ ಮಾಡಬಹುದು. ಗ್ರೀಸಿನ ಒಂದು ಗುಹೆಯಲ್ಲಿ ಸಿಕ್ಕ ಚೂರುಗಳು ಮೆಲೋಸ್ ದ್ವೀಪದವು ಎಂದು ಗೊತ್ತಾಯಿತು. ಹತ್ತು ಸಾವಿರ ವರ್ಷಕ್ಕೂ ಹಿಂದೆಯೇ ಜನ ಸಮುದ್ರ ದಾಟಿ ಗಾಜು ತಂದಿದ್ದಾರೆ ಎಂದಾಯಿತು! ಇಂಗ್ಲೆಂಡಿನ ಮೊದಲ ಎಲಿಜಬೆತ್ ರಾಣಿಯ ಕಾಲದ ಪಂಡಿತ ಜಾನ್ ಡೀ ಆತ್ಮಗಳ ಜೊತೆ ಮಾತಾಡಲು ಬಳಸಿದ ಎನ್ನುವ ಕಪ್ಪು ಕನ್ನಡಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದು ಮೆಕ್ಸಿಕೋದ ಪಚೂಕಾ ಕಡೆಯ ಅಬ್ಸಿಡಿಯನ್ ಎಂದು 2021ರಲ್ಲಿ ಪರೀಕ್ಷೆ ಮಾಡಿ ಹೇಳಿದರು. ನಿಮ್ಮ ಕಥೆಯಲ್ಲಿ ರಾಜನನ್ನು ಕೊಂದ ಬಾಣದ ಮೊನೆ ಯಾವ ಬೆಟ್ಟದ್ದು ಎಂದು ಕಂಡುಹಿಡಿಯುವ ಪಾತ್ರ ಇದ್ದರೆ ನಾನಂತೂ ಮೊದಲು ಕೊಂಡು ಓದುತ್ತೇನೆ.

ಪ್ರಶ್ನೆ: ಅಬ್ಸಿಡಿಯನ್ ಆಪರೇಷನ್ ಬ್ಲೇಡಿಗಿಂತ ಹರಿತ, ಡಾಕ್ಟರುಗಳೂ ಬಳಸುತ್ತಾರೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ಸುಮ್ನೆ ಕಟ್ಟಿದ ಕಥೆಯಾ? (ಪೊನ್ನಂಪೇಟೆ)

ಅಪರೂಪಕ್ಕೆ ವಾಟ್ಸಾಪ್ ಅರ್ಧಕ್ಕಿಂತ ಜಾಸ್ತಿ ನಿಜ ಹೇಳಿದೆ.

ಉಕ್ಕನ್ನು ಎಷ್ಟು ಮಸೆದರೂ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಅಂಚು ಗರಗಸದ ಹಾಗೆ ಕಾಣುತ್ತದೆ. ಅಬ್ಸಿಡಿಯನ್ನಿನಲ್ಲಿ ಹರಳುಗಳೇ ಇಲ್ಲವಲ್ಲ, ಒಡೆದ ಅಂಚು ಸುಮಾರು 3 ನ್ಯಾನೋಮೀಟರಿನಷ್ಟು ತೆಳ್ಳಗೆ ಬರಬಲ್ಲದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ಇದನ್ನು ಯಾರೂ ಮಸೆದು ಮಾಡಿದ್ದಲ್ಲ, ಒಡೆಯುವಾಗ ತಾನಾಗಿ ಬಂದದ್ದು.

ಅಮೆರಿಕದಲ್ಲಿ ಡಾನ್ ಕ್ರಾಬ್‌ಟ್ರೀ ಎಂಬವರಿದ್ದರು. ಕಲ್ಲಿನ ಆಯುಧ ಮಾಡುವ ಹಳೇ ವಿದ್ಯೆಯನ್ನು ತಾವೇ ಪ್ರಯೋಗ ಮಾಡಿ ಕಲಿತವರು. 1970ರ ದಶಕದಲ್ಲಿ ತಮಗೆ ಆಪರೇಷನ್ ಆಗಬೇಕಾದಾಗ ತಾವೇ ಮಾಡಿದ ಅಬ್ಸಿಡಿಯನ್ ಬ್ಲೇಡುಗಳನ್ನು ಸರ್ಜನ್ ಕೈಗೆ ಕೊಟ್ಟರು. ಅದರಲ್ಲೇ ಆಪರೇಷನ್ನೂ ಆಯಿತು. 1993ರಲ್ಲಿ ಸಂಶೋಧಕರು ಅಬ್ಸಿಡಿಯನ್ ಬ್ಲೇಡನ್ನೂ ಉಕ್ಕಿನ ಬ್ಲೇಡನ್ನೂ ಇಲಿಗಳ ಮೇಲೆ ಹೋಲಿಸಿ ನೋಡಿದರು. ಮೊದಲ ಎರಡು ವಾರ ಅಬ್ಸಿಡಿಯನ್ನಿನ ಗಾಯದ ಕಲೆ ಸಣ್ಣದಿತ್ತು. ಮೂರನೇ ವಾರಕ್ಕೆ ಎರಡೂ ಒಂದೇ. ಸ್ವಲ್ಪ ವಾಲಿಸಿದರೆ ತುದಿ ಮುರಿದು ಮೈಯೊಳಗೆ ಉಳಿಯುವ ಬ್ಲೇಡನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ ಹೇಳಿ. ಹಾಗಾಗಿ ಮಾಮೂಲಿ ಬಳಕೆಗೆ ಬರಲೇ ಇಲ್ಲ.

ಹರಿತದ ಬಗ್ಗೆ ನನ್ನ ಸಾಕ್ಷಿಯೂ ಇರಲಿ. ಮೊದಲ ಸಲ ಚಕ್ಕೆ ಎಬ್ಬಿಸಿದ ದಿನ ಹೆಬ್ಬೆರಳು ಕೊಯ್ದುಕೊಂಡಿದ್ದು ಗೊತ್ತಾಗಿದ್ದು ನೋವಿನಿಂದಲ್ಲ. ಪ್ಯಾಂಟಿನ ಮೇಲೆ ಕೆಂಪು ಹನಿ ಎಲ್ಲಿಂದ ಬಂತು ಎಂದು ಹುಡುಕಿದಾಗ.

ಪ್ರಶ್ನೆ: ತೋಟದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಹೊಳೆಯುವ ಕಪ್ಪು ಕಲ್ಲು ಸಿಕ್ಕಿದೆ. ಅಬ್ಸಿಡಿಯನ್ ಇರಬಹುದಾ? ಕೊಡಗಿನ ಹಿಂದಿನವರು ಇದರಲ್ಲಿ ಆಯುಧ ಮಾಡುತ್ತಿದ್ದರಾ? (ಸೋಮವಾರಪೇಟೆ)

ನಿರಾಸೆ ಮಾಡಲು ಬೇಜಾರು. ಆದರೆ ಇಲ್ಲ.

ಕೊಡಗಿನ ನೆಲದಡಿಯ ಕಲ್ಲು 300 ಕೋಟಿ ವರ್ಷಕ್ಕೂ ಹಳೆಯದು, ಭೂಮಿಯ ಆಳದಲ್ಲಿ ಬೆಂದು ಹದವಾದದ್ದು. ಗಾಜು ಅಷ್ಟು ಕಾಲ ಗಾಜಾಗಿ ಉಳಿಯುವುದಿಲ್ಲ. ನಿಧಾನವಾಗಿ ನೀರು ಕುಡಿದು, ಹರಳುಗಟ್ಟಿ, ಮಾಮೂಲಿ ಕಲ್ಲಾಗಿಬಿಡುತ್ತದೆ. ಕೆಲವು ಕೋಟಿ ವರ್ಷ ದಾಟಿದ ಅಬ್ಸಿಡಿಯನ್ ಸಿಗುವುದೇ ಅಪರೂಪ.

ಹಾಗಾದರೆ ನಿಮ್ಮ ಕೈಲಿರುವುದೇನು? ಉಗುರಿನಲ್ಲಿ ಪದರ ಎದ್ದು ಬಂದರೆ ಅದು ಕಪ್ಪು ಕಾಗೆಬಂಗಾರ. ಉದ್ದ ಕಡ್ಡಿಯಂತಿದ್ದು ಮೈಮೇಲೆ ಗೆರೆಗಳಿದ್ದರೆ ಟೂರ್ಮಲೀನ್ ಎಂಬ ಖನಿಜ ಇರಬಹುದು. ಭಾರವಾಗಿ, ಮೈಯೆಲ್ಲ ಗುಳ್ಳೆ ಗುಳ್ಳೆ ತೂತು, ಅಲ್ಲಲ್ಲಿ ತುಕ್ಕು ಇದ್ದರೆ ಕಬ್ಬಿಣದ ಕಿಟ್ಟ. ಹಿಂದೆ ಅಲ್ಲಿ ಯಾರೋ ಕಬ್ಬಿಣ ಕರಗಿಸಿದ್ದರು ಎಂದರ್ಥ, ನನಗಂತೂ ಅಬ್ಸಿಡಿಯನ್ನಿಗಿಂತ ಅದೇ ಹೆಚ್ಚು ಕುತೂಹಲ. ಚಿಪ್ಪಿನಂಥ ಅಲೆ ಅಲೆ ಒಡಕು ಇದ್ದು, ತೆಳು ಅಂಚನ್ನು ಬಿಸಿಲಿಗೆ ಹಿಡಿದರೆ ಬೆಳಕು ತೂರಿ ಬಂದರೆ ಅದು ಗಾಜೇ. ಆಗ ಒಂದು ಪ್ರಶ್ನೆ: ಹತ್ತಿರದಲ್ಲಿ ಬ್ರಿಟಿಷರ ಕಾಲದ ಬಂಗಲೆ ಇದೆಯಾ? ಇದ್ದರೆ ಅದು ಯಾವುದೋ ದೊರೆ ಕುಡಿದು ಎಸೆದ ಸೀಸೆಯ ತಳ. ಹಳೇ ಸೀಸೆಗಳ ದಪ್ಪ ಹಸಿರು ಗಾಜು ಮಣ್ಣಲ್ಲಿ ನೋಡಿದರೆ ಕಪ್ಪೇ.

ಎರಡನೇ ಪ್ರಶ್ನೆಗೆ ಬರೋಣ. ನಮ್ಮ ಕಡೆಯ ಹಳೇ ಜನ ಕೈಗೆ ಸಿಕ್ಕ ಕಲ್ಲಿನಲ್ಲೇ ಕೆಲಸ ಮಾಡಿದರು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಣ್ಣದ ಕಲ್ಲು, ಬಳ್ಳಾರಿಯ ಸಂಗನಕಲ್ಲಿನಲ್ಲಿ ಕರಿಕಲ್ಲಿನ ಕೊಡಲಿ. ಸಣ್ಣ ಬ್ಲೇಡುಗಳಿಗೆ ಬೆಣಚುಕಲ್ಲು. ಈ ಸಣ್ಣ ಬ್ಲೇಡುಗಳನ್ನೂ ಮರಕ್ಕೋ ಮೂಳೆಗೋ ಸಾಲಾಗಿ ಕೂರಿಸುತ್ತಿದ್ದರು, ಅಜ್ಟೆಕ್ ದೊಣ್ಣೆಯದೇ ಉಪಾಯ. ನಿಮ್ಮ ತಾಲ್ಲೂಕಿನ ಮೋರಿ ಬೆಟ್ಟದಲ್ಲಿರುವಂಥ ಕಲ್ಲು ಸಮಾಧಿಗಳನ್ನು ಕಟ್ಟುವ ಹೊತ್ತಿಗೆ ದಕ್ಷಿಣದಲ್ಲಿ ಕಬ್ಬಿಣ ಬಂದಾಗಿತ್ತು. ಇಂಥ ಸಮಾಧಿಗಳಲ್ಲಿ ಕಬ್ಬಿಣದ ಸಾಮಾನು ಸಿಗುವುದು ಮಾಮೂಲು. ತೋಟದಲ್ಲಿ ಅಂಥ ಕಲ್ಲುಚಪ್ಪಡಿ ಏನಾದರೂ ಕಂಡರೆ ದಯವಿಟ್ಟು ಜೆಸಿಬಿ ನಿಲ್ಲಿಸಿ, ಪುರಾತತ್ವ ಇಲಾಖೆಗೆ ತಿಳಿಸಿ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗ ವಿಡಿಯೋ ನೋಡಿ ಗಾಜಿನ ಬಾಣದ ಮೊನೆ ಮಾಡುತ್ತೇನೆ ಎನ್ನುತ್ತಾನೆ. ಬಿಡಬಹುದಾ? (ವಿರಾಜಪೇಟೆ)

ಬಿಡಿ, ಆದರೆ ಪಕ್ಕದಲ್ಲಿ ನೀವೂ ಕೂತಿರಿ. ಸೀಸೆಯ ಗಾಜಿನಲ್ಲಿ ಮಾಡುವುದು ಕೀಳೇನಲ್ಲ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನಾದ ಇಶಿ 1911ರಲ್ಲಿ ಕಾಡಿನಿಂದ ಹೊರಬಂದ ಮೇಲೆ ಸೀಸೆ ಗಾಜಿನಲ್ಲಿ ಮಾಡಿದ ಬಾಣದ ಮೊನೆಗಳನ್ನು ನೋಡಿದರೆ ಕಣ್ಣು ತೆಗೆಯಲು ಆಗುವುದಿಲ್ಲ.

ಸೀಸೆಯ ತಳ ಒಳ್ಳೆಯದು, ದಪ್ಪ ಇರುತ್ತದೆ. ಕನ್ನಡಕ ಕಡ್ಡಾಯ, ಮಾಮೂಲಿ ಓದುವ ಕನ್ನಡಕ ಸಾಲದು, ವೆಲ್ಡಿಂಗ್ ಶಾಪಿನವರು ಹಾಕುವಂಥ ಮುಚ್ಚಿದ ಕನ್ನಡಕ ಬೇಕು. ಚರ್ಮದ ಕೈಗವಸು, ತೊಡೆ ಮೇಲೆ ದಪ್ಪ ಚರ್ಮ. ಮನೆಯೊಳಗೆ ಬೇಡ, ಕಣದಲ್ಲಿ ಟಾರ್ಪಾಲು ಹಾಸಿ ಕೂರಲಿ. ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದು, ಮಾಸ್ಕ್ ಇರಲಿ. ಒತ್ತುವುದಕ್ಕೆ ಮೊನೆ ಮಾಡಿದ ತಾಮ್ರದ ಸರಳು ಸಾಕು. ವಿಡಿಯೋದಲ್ಲಿ ಜಿಂಕೆ ಕೊಂಬು ತೋರಿಸಿದ್ದಾರೆ ಎಂದು ಅಟ್ಟದಲ್ಲಿರುವ ಅಜ್ಜನ ಕಾಲದ ಕಡವೆ ಕೊಂಬಿಗೆ ಕೈ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ, ಬಾಣದ ಮೊನೆಗಿಂತ ಅದು ಜೋರಾಗಿ ಚುಚ್ಚುತ್ತದೆ.

ಒಂದು ಗುಟ್ಟು: ಮೇಲಿಂದ ಕುಟ್ಟಬಾರದು. ಅಂಚನ್ನು ಮೊದಲು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಆಮೇಲೆ ಒಳಮುಖವಾಗಿ ಒತ್ತಿ, ಕೊನೆಗೆ ಕೆಳಕ್ಕೆ ಕಿತ್ತ ಹಾಗೆ ಎಳೆಯಬೇಕು. ಮೊದಲ ಇಪ್ಪತ್ತು ಮೊನೆ ಮಧ್ಯದಲ್ಲೇ ಮುರಿಯುತ್ತವೆ. ನನಗೆ ಇಪ್ಪತ್ತಕ್ಕೂ ಮುಗಿದಿರಲಿಲ್ಲ.

ಕೊನೆಗೆ ಚೂರುಗಳ ವಿಷಯ. ತೋಟಕ್ಕೆ ಎಸೆಯಬೇಡಿ, ಕಾಫಿ ಕೊಯ್ಯಲು ಬರುವವರ ಕಾಲಿಗೆ ಚುಚ್ಚುತ್ತದೆ. ಟಾರ್ಪಾಲು ಸಮೇತ ಮಡಚಿ ತಗಡಿನ ಡಬ್ಬಕ್ಕೆ ಸುರಿದು, ಮುಚ್ಚಿ, ಆಳಕ್ಕೆ ಹೂಳಿ. ಹೂಳುವಾಗ ಇಸವಿ ಕಾಣುವ ಒಂದು ಹೊಸ ನಾಣ್ಯವನ್ನೂ ಜೊತೆಗೆ ಹಾಕಿ. ಮುಂದೆ ಯಾವತ್ತೋ ಅಗೆದವರು ವಿರಾಜಪೇಟೆಯಲ್ಲಿ ಕಲ್ಲು ಯುಗದ ಕಾರ್ಖಾನೆ ಸಿಕ್ಕಿತು ಎಂದು ಪ್ರಬಂಧ ಬರೆಯಬಾರದಲ್ವಾ.